ದಿನಕ್ಕೆ ಒಂದು ಮಿಲಿಮೀಟರ್

ನನ್ನ ಎಡಗಾಲಿನ ಮೊಣಕಾಲ ಕೆಳಗಿನ ದಪ್ಪ ಮೂಳೆಯಲ್ಲಿ ಸುಮಾರು 6 ಸೆಂಟಿಮೀಟರ್ ಹುಟ್ಟಿನಿಂದ ಬಂದದ್ದಲ್ಲ. ಅದು ಬೆಳೆದದ್ದು ನನಗೆ 34 ತುಂಬಿದ ಮೇಲೆ. ಅಂಗಡಿಗೆ ಬ್ಲೌಸ್ ಕೊಡಲು ಬರುವ ಹೆಂಗಸರು ಕಾಲಿನ ಗುರುತುಗಳನ್ನು ನೋಡಿ ಏನಾಯ್ತು ಅಂತ ಕೇಳುತ್ತಾರೆ. ಬಾಯಲ್ಲಿ ಹೇಳುವಾಗ ಎಷ್ಟೋ ಬಿಟ್ಟುಹೋಗುತ್ತದೆ. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತಿದ್ದೇನೆ.

ನಾನು ತಿಪಟೂರಿನಲ್ಲಿ ಟೈಲರಿಂಗ್ ಮಾಡುತ್ತೇನೆ. ಮನೆಯ ಮುಂದಿನ ಕೋಣೆಯೇ ಅಂಗಡಿ. 2016ರ ಜೂನ್ ತಿಂಗಳು, ಶಾಲೆಗಳು ಶುರುವಾಗಿ ಯೂನಿಫಾರಂ ಕೆಲಸ ಕೈತುಂಬಾ ಇತ್ತು. ಅರಸೀಕೆರೆಯಿಂದ ಬಟ್ಟೆ ತೆಗೆದುಕೊಂಡು ಯಜಮಾನರ ಬೈಕಿನಲ್ಲಿ ಬಿ.ಎಚ್. ರಸ್ತೆ ಹಿಡಿದು ವಾಪಸ್ ಬರುತ್ತಿದ್ದೆವು. ಸೀರೆ ಉಟ್ಟಿದ್ದರಿಂದ ಒಂದೇ ಪಕ್ಕಕ್ಕೆ ಕೂತಿದ್ದೆ. ಎರಡೂ ಕಾಲು ಎಡಗಡೆ ಇದ್ದವು. ಎಡಗಡೆಯ ಅಡ್ಡರಸ್ತೆಯಿಂದ ಕೊಬ್ಬರಿ ಮೂಟೆ ಹೇರಿದ ಗೂಡ್ಸ್ ಗಾಡಿಯೊಂದು ನುಗ್ಗಿತು.

ಬಿದ್ದ ಕೂಡಲೇ ನೋವು ಗೊತ್ತಾಗಲಿಲ್ಲ. ಕಾಲಿನ ಕಡೆ ನೋಡಿದೆ. ಪಾದ ಒಂದು ಕಡೆ ತಿರುಗಿತ್ತು, ಮೊಣಕಾಲು ಇನ್ನೊಂದು ಕಡೆ. ಚರ್ಮ ಹರಿದು ಮೂಳೆಯ ತುದಿ ಹೊರಗೆ ಬಂದಿತ್ತು. ರಸ್ತೆ ಬದಿಯಲ್ಲಿ ಎಳನೀರು ಮಾರುತ್ತಿದ್ದ ಒಬ್ಬ ಹೆಂಗಸು ಓಡಿ ಬಂದು ತನ್ನ ಹೆಗಲ ಟವೆಲ್ಲನ್ನು ಗಾಯದ ಮೇಲೆ ಒತ್ತಿ ಹಿಡಿದರು. 108 ಬರುವವರೆಗೂ ಅವರು ಕೈ ತೆಗೆಯಲಿಲ್ಲ. "ಕಾಲು ನೋಡ್ಬೇಡ ಕಣವ್ವ, ನನ್ನ ನೋಡು" ಅನ್ನುತ್ತಿದ್ದರು. ಯಜಮಾನರಿಗೆ ಮೊಣಕೈ ತರಚಿತ್ತು, ಅಷ್ಟೇ.

ನಮ್ಮ ಕಡೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಅದೇ ರಾತ್ರಿ ಆಪರೇಷನ್ ಆಯಿತು. ಒಳಗೆ ಪ್ಲೇಟ್ ಕೂರಿಸಿ ಹೊಲಿಗೆ ಹಾಕಿದರು. ವಾರ ಕಳೆಯುವಷ್ಟರಲ್ಲಿ ಗಾಯದ ಅಂಚು ಕಪ್ಪಾಯಿತು. ಆಮೇಲೆ ಕೀವು ಶುರುವಾಯಿತು. ತೊಳೆದರು, ಮತ್ತೆ ಹೊಲಿದರು, ಮತ್ತೆ ಕೀವು. ಕೆಲವು ತಿಂಗಳು ಕಳೆದ ಮೇಲೆ ಪ್ಲೇಟ್ ತೆಗೆದು ಸಿಮೆಂಟ್ ಪಟ್ಟಿ ಹಾಕಿ ಮನೆಗೆ ಕಳಿಸಿದರು. ಮೂಳೆ ಮಾತ್ರ ಕೂಡಲಿಲ್ಲ. ಪಟ್ಟಿ ಬಿಚ್ಚಿ ಕಾಲು ಎತ್ತಿದರೆ ಮೊಣಕಾಲಿಗೂ ಪಾದಕ್ಕೂ ನಡುವೆ ಕಾಲು ಬಾಗುತ್ತಿತ್ತು. ಕೀಲು ಇರಬಾರದ ಕಡೆ ಕೀಲು ಇದ್ದ ಹಾಗೆ ಕಾಣುವುದನ್ನು ಮೊದಲ ಸಲ ನೋಡಿದಾಗ ನನಗೆ ವಾಂತಿ ಬಂತು.

ಒಂದೂವರೆ ವರ್ಷ ಹೀಗೇ ಹೋಯಿತು. ಮೊಣಕಾಲ ಕೆಳಗೆ ಮುಂಭಾಗದಲ್ಲಿ ಕಡಲೆಕಾಳಿನಷ್ಟು ತೂತು. ಅದು ಹದಿನೈದು ದಿನ ಮುಚ್ಚುತ್ತಿತ್ತು. ಆಗ ಜ್ವರ ಬರುತ್ತಿತ್ತು. ಮತ್ತೆ ಒಡೆದು ಕೀವು ಹರಿದರೆ ಜ್ವರ ಇಳಿಯುತ್ತಿತ್ತು. ಒಂದು ದಿನ ಬಟ್ಟೆ ಬದಲಿಸುವಾಗ ಅಕ್ಕಿ ನುಚ್ಚಿನಷ್ಟು ಮೂಳೆಯ ಚೂರು ಹೊರಗೆ ಬಂತು. ಅದನ್ನು ಕಾಗದದಲ್ಲಿ ಕಟ್ಟಿ ಇಟ್ಟುಕೊಂಡೆ, ಯಾರಾದರೂ ಡಾಕ್ಟರಿಗೆ ತೋರಿಸಬೇಕು ಅಂತ.

ವಾಸನೆಯ ವಿಷಯ ಹೇಳದಿದ್ದರೆ ಈ ಬರಹ ಸುಳ್ಳಾಗುತ್ತದೆ. ಕೀವಿನ ವಾಸನೆ ಕೋಣೆಯಲ್ಲಿ ನಿಲ್ಲುತ್ತಿತ್ತು. ಗಿರಾಕಿಗಳು ಬಾಗಿಲಲ್ಲೇ ನಿಂತು ಮಾತಾಡಿ ಹೋಗುತ್ತಿದ್ದರು. ಆಗ ಎರಡನೇ ಕ್ಲಾಸಿನಲ್ಲಿದ್ದ ನನ್ನ ಮಗಳು ರಾತ್ರಿ ಅಜ್ಜಿಯ ಪಕ್ಕ ಮಲಗಲು ಶುರುಮಾಡಿದಳು. ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಮೆಷಿನ್ ತುಳಿಯಲು ಆಗುತ್ತಿರಲಿಲ್ಲ, ಆದ್ದರಿಂದ ಮಂಚದ ಮೇಲೆ ಕೂತು ಕೈಕೆಲಸ ಮಾಡುತ್ತಿದ್ದೆ. ಸೀರೆಗೆ ಫಾಲ್, ಹೆಮ್ಮಿಂಗ್, ಹುಕ್ಕು, ಕಾಜಾ. ಬೇರೆ ಟೈಲರುಗಳು ಕೆಲಸ ಕಳಿಸಿಕೊಡುತ್ತಿದ್ದರು. ಅವರು ಕೊಟ್ಟ ಆ ಕೆಲಸ ಇಲ್ಲದಿದ್ದರೆ ಆ ದಿನಗಳನ್ನು ಹೇಗೆ ಕಳೆಯುತ್ತಿದ್ದೆನೋ ಗೊತ್ತಿಲ್ಲ.

2018ರ ಶುರುವಿನಲ್ಲಿ ಬೆಂಗಳೂರಿನ ಒಂದು ಆಸ್ಪತ್ರೆಗೆ ಹೋದೆವು. ಅಲ್ಲಿನ ಮೂಳೆ ಡಾಕ್ಟರು ಎಕ್ಸ್‌ರೇಗಳನ್ನು ತಾರೀಖಿನ ಪ್ರಕಾರ ಜೋಡಿಸಿ ಬೆಳಕಿನ ಪೆಟ್ಟಿಗೆಯ ಮೇಲೆ ಸಿಕ್ಕಿಸಿದರು. ಬಹಳ ಹೊತ್ತು ನೋಡಿದರು. ಆಮೇಲೆ ಕುರ್ಚಿ ಎಳೆದುಕೊಂಡು ನನ್ನ ಎದುರು ಕೂತರು.

"ನೋಡಿಯಮ್ಮಾ, ಮಧ್ಯದ ತುಂಡು ಸತ್ತಿದೆ. ಸತ್ತ ಮೂಳೆಗೆ ರಕ್ತ ಹೋಗಲ್ಲ. ರಕ್ತ ಹೋಗದ ಕಡೆ ಔಷಧಿನೂ ಹೋಗಲ್ಲ. ಅದು ಅಲ್ಲಿರೋ ತನಕ ಕೀವು ನಿಲ್ಲಲ್ಲ."

ಎರಡು ದಾರಿ ಇದೆ ಅಂದರು. ಮೊದಲನೆಯದು ಮೊಣಕಾಲ ಕೆಳಗೆ ಕಾಲು ತೆಗೆದು ಕೃತಕ ಕಾಲು ಹಾಕುವುದು. ಕೆಲವೇ ತಿಂಗಳಲ್ಲಿ ನಡೆಯಬಹುದು. ಎರಡನೆಯದು ಸತ್ತ ಮೂಳೆಯನ್ನು ಕತ್ತರಿಸಿ ತೆಗೆದು, ಹೊರಗಿನಿಂದ ರಿಂಗ್ ಹಾಕಿ, ಖಾಲಿಯಾದ ಜಾಗವನ್ನು ನನ್ನ ಮೂಳೆಯಿಂದಲೇ ತುಂಬಿಸುವುದು. "ಒಂದು ವರ್ಷಕ್ಕೆ ಕಮ್ಮಿ ಇಲ್ಲ. ಜಾಸ್ತಿನೂ ಆಗಬಹುದು. ಅಷ್ಟೆಲ್ಲ ಮಾಡಿದ ಮೇಲೂ ಕೂಡದೇ ಇರಬಹುದು. ಆಗ ಕಾಲು ತೆಗೆಯೋದೇ." ಇಷ್ಟನ್ನೂ ಅವರು ಒಂದೇ ದನಿಯಲ್ಲಿ ಹೇಳಿದರು. ಭರವಸೆ ತುಂಬಲು ಹೋಗಲಿಲ್ಲ, ಹೆದರಿಸಲೂ ಇಲ್ಲ. ಅದಕ್ಕೇ ನನಗೆ ಅವರ ಮೇಲೆ ನಂಬಿಕೆ ಹುಟ್ಟಿತು.

ಒಂದು ಪಿನ್ನು ತೆಗೆದು ನನ್ನ ಅಂಗಾಲನ್ನು ಅಲ್ಲಲ್ಲಿ ಚುಚ್ಚಿದರು. ಕಣ್ಣು ಮುಚ್ಚಿಕೊಂಡು ಎಲ್ಲಿ ಚುಚ್ಚಿದ್ದು ಅಂತ ಹೇಳಬೇಕು. ಎಲ್ಲವನ್ನೂ ಸರಿಯಾಗಿ ಹೇಳಿದೆ. ಪಾದದ ಮೇಲೆ ನಾಡಿ ಹಿಡಿದು ನೋಡಿದರು. ನರವೂ ಸರಿ ಇದೆ, ರಕ್ತವೂ ಹೋಗುತ್ತಿದೆ, ಕೆಟ್ಟಿರುವುದು ಮೂಳೆ ಮಾತ್ರ ಅಂದರು. ಇವೆರಡು ಇಲ್ಲದಿದ್ದರೆ ಕಾಲು ತೆಗೆಸುವುದೇ ಒಳ್ಳೆಯದು ಅನ್ನುತ್ತಿದ್ದರಂತೆ.

ಅದೇ ದಿನ ಅವರು ನನಗೆ ಇಬ್ಬರನ್ನು ತೋರಿಸಿದರು. ಒಬ್ಬರು ರಿಂಗ್ ಹಾಕಿಸಿಕೊಂಡು ವಾರ್ಡಿನಲ್ಲಿದ್ದ ಕಲ್ಲುಕ್ವಾರಿಯ ಕೆಲಸಗಾರ. ಇನ್ನೊಬ್ಬರು ಕಾಲು ತೆಗೆಸಿಕೊಂಡು ತಪಾಸಣೆಗೆ ಬಂದಿದ್ದ ಆಟೋ ಚಾಲಕ. ಆಟೋದವರು ಪ್ಯಾಂಟ್ ಎತ್ತಿ ಕೃತಕ ಕಾಲು ತೋರಿಸಿ, ಕಾರಿಡಾರಿನ ಆ ತುದಿಗೆ ಹೋಗಿ ಬಂದರು. ಚೆನ್ನಾಗಿ ನಡೆಯುತ್ತಿದ್ದರು. ಕ್ವಾರಿಯವರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ನೋಡಿದರೆ ಕಾಲು ತೆಗೆಸಿದವರೇ ಗೆದ್ದಿದ್ದರು. ಅವರ ಆಯ್ಕೆಯನ್ನು ನಾನು ಇವತ್ತಿಗೂ ಕಡಿಮೆ ಅಂತ ಎಣಿಸುವುದಿಲ್ಲ. ನನಗೆ ಮಾತ್ರ ಆ ಪಿನ್ನಿನ ಚುಚ್ಚು ಗೊತ್ತಾದದ್ದು ಮನಸ್ಸಿನಿಂದ ಹೋಗಲಿಲ್ಲ. ಗೊತ್ತಾಗುವ ಕಾಲನ್ನು ಕೊಡಲು ಮನಸ್ಸಾಗಲಿಲ್ಲ. ಯಜಮಾನರು "ನೀನು ಹೇಗೆ ಹೇಳ್ತೀಯೋ ಹಾಗೆ" ಅಂದರು. ರಿಂಗ್ ಹಾಕಿಸಿಕೊಳ್ಳುತ್ತೇನೆ ಅಂದೆ.

ಮೊದಲ ಆಪರೇಷನ್ನಿನಲ್ಲಿ ಸತ್ತ ಮೂಳೆಯನ್ನೆಲ್ಲ ಕತ್ತರಿಸಿ ತೆಗೆದರು. ಕತ್ತರಿಸುತ್ತ ಹೋಗಿ ರಕ್ತ ಜಿನುಗುವ ಮೂಳೆ ಸಿಕ್ಕ ಕಡೆ ನಿಲ್ಲಿಸುತ್ತಾರಂತೆ. ನನ್ನದರಲ್ಲಿ ಸುಮಾರು 6 ಸೆಂಟಿಮೀಟರ್ ಹೋಯಿತು. ಖಾಲಿ ಜಾಗದಲ್ಲಿ ಔಷಧಿ ಬೆರೆಸಿದ ಸಿಮೆಂಟಿನ ಮಣಿಗಳನ್ನು ತಂತಿಯಲ್ಲಿ ಪೋಣಿಸಿ ಇಟ್ಟರು. ಒಳಗಿನ ಕೀವನ್ನು ಲ್ಯಾಬಿಗೆ ಕಳಿಸಿ ಯಾವ ಔಷಧಿ ತಾಗುತ್ತದೆ ಅಂತ ನೋಡಿ, ವಾರಗಟ್ಟಲೆ ಇಂಜೆಕ್ಷನ್ ಕೊಟ್ಟರು. ಕೈಯ ನರಗಳು ಗಟ್ಟಿಯಾಗಿ ಸೂಜಿ ಹೋಗದಂತಾದವು. ಆದರೆ ಕೀವು ನಿಂತಿತು. ಗಾಯಕ್ಕೆ ಹಾಕಿದ ಬಟ್ಟೆ ಒಣಗಿಯೇ ಇದ್ದದ್ದನ್ನು ನೋಡಿ ಸಿಸ್ಟರನ್ನು ಕರೆದು ತೋರಿಸಿದೆ. ಅವರು ಮೂಸಿ ನೋಡಿ "ವಾಸನೆನೂ ಇಲ್ಲ" ಅಂದರು.

ರಿಂಗ್ ಹಾಕುವ ಹಿಂದಿನ ದಿನ ಅಲ್ಲಿ ಓದುತ್ತಿದ್ದ ಒಬ್ಬ ಕಿರಿಯ ಡಾಕ್ಟರ್ ಬಂದು ಕೇಸ್ ಶೀಟಿನ ಹಿಂದೆ ಚಿತ್ರ ಬಿಡಿಸಿ ತಿಳಿಸಿದರು. ಈ ಪದ್ಧತಿ ಕಂಡುಹಿಡಿದವರು ಗವ್ರೀಲ್ ಇಲಿಜರೋವ್ ಎಂಬ ರಷ್ಯಾದ ಡಾಕ್ಟರು. 1950ರ ದಶಕದ ಶುರುವಿನಲ್ಲಿ, ಸೈಬೀರಿಯಾದ ಕುರ್ಗಾನ್ ಎಂಬ ಊರಿನಲ್ಲಿ. ಮೂಳೆಯನ್ನು ಕತ್ತರಿಸಿದರೆ ಮೈ ಅದನ್ನು ಕೂಡಿಸಲು ಹೊರಡುತ್ತದೆ. ಅದು ಕೂಡುವ ಮೊದಲೇ ಎರಡು ತುದಿಗಳನ್ನು ನಿಧಾನವಾಗಿ ದೂರ ಸರಿಸುತ್ತ ಹೋದರೆ ನಡುವಿನ ಜಾಗದಲ್ಲಿ ಹೊಸ ಮೂಳೆ ಹುಟ್ಟುತ್ತದೆ. ಅವಸರ ಮಾಡಿದರೆ ಮೂಳೆ ಹುಟ್ಟುವುದಿಲ್ಲ, ನರವೂ ಎಳೆಯುತ್ತದೆ. ತೀರ ನಿಧಾನ ಮಾಡಿದರೆ ಬೇಗ ಕೂಡಿಕೊಂಡು ಮುಂದಕ್ಕೆ ಸರಿಯುವುದಿಲ್ಲ. ದಿನಕ್ಕೆ 1 ಮಿಲಿಮೀಟರ್, ಅದನ್ನೂ 4 ಸಲಕ್ಕೆ ಹಂಚಿ ಮಾಡಬೇಕು. 1964ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಎತ್ತರ ಜಿಗಿತದ ಚಿನ್ನ ಗೆದ್ದ ವಲೇರಿ ಬ್ರುಮೆಲ್ ಮರುವರ್ಷವೇ ಮೋಟಾರ್ ಸೈಕಲ್ ಅಪಘಾತದಲ್ಲಿ ಕಾಲು ಮುರಿದುಕೊಂಡರು. ಎಷ್ಟೋ ಆಪರೇಷನ್ ಆದರೂ ವಾಸಿಯಾಗದ ಆ ಕಾಲನ್ನು ಸರಿಮಾಡಿದ್ದು ಇದೇ ಇಲಿಜರೋವ್. ರಷ್ಯಾದ ಆಚೆಯ ದೇಶಗಳಲ್ಲಿ ಈ ಪದ್ಧತಿ ಹರಡಲು ಶುರುವಾದದ್ದು 1980ರ ನಂತರ, ಇಟಲಿಯ ಮೂಲಕ. ಆ ಹುಡುಗ ಡಾಕ್ಟರು ಇಷ್ಟು ಹೇಳಲು ತಮ್ಮ ಊಟದ ಸಮಯ ಬಿಟ್ಟು ಕೂತಿದ್ದರು.

ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದರಿಂದ ಆಪರೇಷನ್ ಹೊತ್ತಿನಲ್ಲಿ ಎಚ್ಚರವಿತ್ತು. ಸೊಂಟದ ಕೆಳಗೆ ಏನೂ ಗೊತ್ತಾಗುತ್ತಿರಲಿಲ್ಲ, ಕಿವಿಗೆ ಎಲ್ಲಾ ಕೇಳುತ್ತಿತ್ತು. 1.8 ಮಿಲಿಮೀಟರ್ ದಪ್ಪದ ತಂತಿಗಳನ್ನು ಡ್ರಿಲ್ಲಿನಿಂದ ಒಂದು ಕಡೆ ಚರ್ಮದೊಳಗೆ ಹಾಯಿಸಿ, ಮೂಳೆಯ ಮೂಲಕ, ಇನ್ನೊಂದು ಕಡೆ ಹೊರಗೆ ತೆಗೆದು ರಿಂಗಿಗೆ ಕಟ್ಟಿ ಬಿಗಿದರು. ಕೊನೆಯಲ್ಲಿ ಮೊಣಕಾಲ ಸ್ವಲ್ಪ ಕೆಳಗೆ ಗಟ್ಟಿಯಾಗಿದ್ದ ಮೂಳೆಯನ್ನು ಉಳಿಯಿಂದ ಕತ್ತರಿಸಿದರು. ಸುತ್ತಿಗೆಯ ಏಟು ಕಾಲಿಗೆ ಗೊತ್ತಾಗಲಿಲ್ಲ, ಬೆನ್ನಿಗೆ ಗೊತ್ತಾಯಿತು. ನನ್ನ ತಲೆಯ ಹತ್ತಿರ ನಿಂತಿದ್ದ ಅರಿವಳಿಕೆ ಡಾಕ್ಟರಮ್ಮ ನನ್ನ ಕೈ ಹಿಡಿದುಕೊಂಡು ಬ್ಲೌಸ್ ಹೊಲಿಗೆಗೆ ಎಷ್ಟು ತಗೋತೀರಿ, ಲೈನಿಂಗ್ ಹಾಕಿದರೆ ಎಷ್ಟು ಅಂತ ಕೇಳುತ್ತಲೇ ಇದ್ದರು.

ರಾತ್ರಿ ಮದ್ದಿನ ಅಮಲು ಇಳಿಯಿತು. ಆ ರಾತ್ರಿಯ ನೋವಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಪಘಾತದ ದಿನದ ನೋವಿಗಿಂತ ಹೆಚ್ಚಿತ್ತು.

ಒಂದು ವಾರ ಸುಮ್ಮನೆ ಬಿಟ್ಟರು. ಕತ್ತರಿಸಿದ ಕಡೆ ಮೂಳೆ ಕೂಡಲು ಹೊರಡಲಿ ಅಂತ. ಆಮೇಲೆ ತಿರುಗಿಸುವುದು ಶುರುವಾಯಿತು. ಮೇಲಿನ ರಿಂಗಿಗೂ ನಡುವಿನ ರಿಂಗಿಗೂ ಮಧ್ಯೆ ಸ್ಕ್ರೂವಿನ ಹಾಗೆ ಮರೆ ಇರುವ ಉದ್ದ ರಾಡುಗಳು. ರಾಡಿನ ನಟ್ಟನ್ನು ಕಾಲು ಸುತ್ತು ತಿರುಗಿಸಿದರೆ ನಡುವಿನ ರಿಂಗ್ ಕಾಲು ಮಿಲಿಮೀಟರ್ ಕೆಳಗೆ ಸರಿಯುತ್ತದೆ. ಅದರ ಜೊತೆ ಕತ್ತರಿಸಿದ ಮೂಳೆಯ ತುಂಡೂ ಸರಿಯುತ್ತದೆ. ಹೀಗೆ ಸರಿಯುತ್ತ ಹೋಗಿ ಅದು ಕೆಳಗಿನ ಮೂಳೆಯನ್ನು ಮುಟ್ಟಬೇಕು. ಹಿಂದೆ ಬಿಟ್ಟ ಜಾಗದಲ್ಲಿ ಹೊಸ ಮೂಳೆ ತುಂಬಬೇಕು. ಬೆಳಿಗ್ಗೆ 6, ಮಧ್ಯಾಹ್ನ 12, ಸಂಜೆ 6, ರಾತ್ರಿ 10. ಈ ಕೆಲಸವನ್ನು ಆಸ್ಪತ್ರೆಯವರು ನಮಗೆ ಕಲಿಸಿ, ನಮ್ಮ ಕೈಗೇ ಕೊಟ್ಟು ಕಳಿಸುತ್ತಾರೆ. ಈ ಚಿಕಿತ್ಸೆಯ ಬಹುಪಾಲು ನಡೆಯುವುದು ಮನೆಯಲ್ಲಿ. ರಿಂಗ್ ಹಾಕಿಸಿಕೊಳ್ಳುವ ಮುಂಚೆ ಇದನ್ನು ಮನೆಯವರೆಲ್ಲ ಕೂತು ಕೇಳಿಸಿಕೊಳ್ಳಬೇಕು ಅಂತ ನನಗೆ ಅನ್ನಿಸುತ್ತದೆ, ಏಕೆಂದರೆ ಅದು ಒಬ್ಬರ ಕೈಯಲ್ಲಿ ಆಗುವ ಕೆಲಸ ಅಲ್ಲ.

ನಟ್ಟು ತಿರುಗಿಸಿದವನು ನನ್ನ ಮೈದುನ. ಅವನದು ಗ್ಯಾರೇಜು. ಆಸ್ಪತ್ರೆಯಿಂದ ಕೊಟ್ಟ ಸ್ಪ್ಯಾನರ್ ನೋಡಿ "ಇದು ಹತ್ತರ ಸ್ಪ್ಯಾನರ್ ಅತ್ತಿಗೆ, ನನ್ನ ಡಬ್ಬಿಯಲ್ಲೂ ಇದೆ" ಅಂದ. ಮೊದಲ ದಿನ ಮನೆಯಲ್ಲಿ ತಿರುಗಿಸುವಾಗ ಅವನ ಕೈ ನಡುಗುತ್ತಿತ್ತು. ಬೆವರುತ್ತಿದ್ದ. ನಾನು ಪ್ರತಿ ನಟ್ಟಿನ ಒಂದು ಮುಖಕ್ಕೆ ಮಗಳ ಉಗುರು ಬಣ್ಣ ಹಚ್ಚಿದೆ, ಎಷ್ಟು ತಿರುಗಿತು ಅಂತ ಕಣ್ಣಿಗೆ ಕಾಣಲಿ ಅಂತ. ಗಿರಾಕಿಗಳ ಅಳತೆ ಬರೆಯುವ ಪುಸ್ತಕದ ಕೊನೆಯ ಹಾಳೆಗಳಲ್ಲಿ ಮನೆ ಹಾಕಿ, ತಿರುಗಿಸಿದಾಗಲೆಲ್ಲ ಗುರುತು ಹಾಕುತ್ತಿದ್ದೆವು. ಅವನು ಮಧ್ಯಾಹ್ನ ಗ್ಯಾರೇಜು ಬಿಟ್ಟು ಬರುತ್ತಿದ್ದ. ಬಂದವನು ಸೋಪು ಹಾಕಿ ಮೊಣಕೈಯವರೆಗೆ ತೊಳೆದುಕೊಳ್ಳುತ್ತಿದ್ದ. ಉಗುರಿನ ಸಂದಿಯ ಗ್ರೀಸ್ ಹೋಗದಿದ್ದರೆ ಬ್ರಷ್ಷಿನಿಂದ ಉಜ್ಜುತ್ತಿದ್ದ. ಎರಡು ತಿಂಗಳಿಗೂ ಹೆಚ್ಚು ಕಾಲ ಅವನು ಒಂದು ಹೊತ್ತನ್ನೂ ತಪ್ಪಿಸಲಿಲ್ಲ. ಅವನಿಗೆ ಗೊತ್ತಾಗಿದ್ದ ಹೆಣ್ಣಿನ ಮನೆಯವರು ನಿಶ್ಚಿತಾರ್ಥದ ದಿನ ಊಟಕ್ಕೆ ಕಾಯುತ್ತಿದ್ದಾಗಲೂ, 12ಕ್ಕೆ ಮನೆಗೆ ಬಂದು ತಿರುಗಿಸಿ ಹೋದ.

ತಿರುಗಿಸುವ ಕ್ಷಣಕ್ಕೆ ನೋವಿಲ್ಲ. ಅರ್ಧ ಗಂಟೆ ಬಿಟ್ಟು ಎಳೆತ ಶುರುವಾಗುತ್ತದೆ. ಮೂಳೆಯ ತುಂಡು ಕೆಳಗೆ ಸರಿಯುವಾಗ ಅದಕ್ಕೆ ಹಾಕಿದ ತಂತಿಯೂ ಸರಿಯಬೇಕಲ್ಲ. ಅದು ಚರ್ಮವನ್ನು ಕೊಯ್ದುಕೊಂಡೇ ಹೋಗುತ್ತದೆ. ಮುಂದೆ ಕೊಯ್ಯುತ್ತದೆ, ಹಿಂದೆ ಮಾಯುತ್ತದೆ. ನನ್ನ ಕಾಲಿನ ಎರಡೂ ಪಕ್ಕ ಈಗ ಉದ್ದ ಗೆರೆಗಳಿರುವುದು ಅದರಿಂದ. ತಂತಿ ಹೊಕ್ಕ ಜಾಗಗಳನ್ನು ದಿನವೂ ಕುದಿಸಿ ಆರಿಸಿದ ಉಪ್ಪುನೀರಿನಲ್ಲಿ ಅದ್ದಿದ ಗಾಜ್ ಬಟ್ಟೆಯಿಂದ ಒರೆಸಬೇಕು. ಒಂದು ಜಾಗಕ್ಕೆ ಬಳಸಿದ ಬಟ್ಟೆಯನ್ನು ಇನ್ನೊಂದಕ್ಕೆ ಮುಟ್ಟಿಸಬಾರದು. ಇದನ್ನು ಮಾಡಿದ್ದು ನನ್ನ ಅಮ್ಮ. ಅವರಿಗೆ ಕಣ್ಣು ಮಂಜು. ಕನ್ನಡಕ ಹಾಕಿಕೊಂಡು, ಕಿಟಕಿಯ ಹತ್ತಿರ ಕೂತು, ಒಂದೊಂದೇ ತಂತಿಯ ಬುಡವನ್ನು ಒರೆಸುತ್ತಿದ್ದರು. ಎಷ್ಟೇ ಒರೆಸಿದರೂ ಕೆಲವು ತಂತಿಗಳ ಸುತ್ತ ಕೆಂಪಾಗಿ ರಸಿಗೆ ಬರುತ್ತಿತ್ತು. ಹಾಗೆ ಬರುವುದು ಸಾಮಾನ್ಯ, ಮಾತ್ರೆ ತಗೊಳ್ಳಿ ಅಂತ ಡಾಕ್ಟರು ಅಂದರು. ಆದರೆ ನನಗೆ ಕೀವು ಅಂದರೆ ಹಳೆಯ ಒಂದೂವರೆ ವರ್ಷವೇ ಕಣ್ಣ ಮುಂದೆ ಬರುತ್ತಿತ್ತು. ಅಂಥ ರಾತ್ರಿಗಳಲ್ಲಿ ನಿದ್ದೆ ಬರುತ್ತಿರಲಿಲ್ಲ.

ನಿದ್ದೆ ಹೇಗಿದ್ದರೂ ಕಷ್ಟ. ಮಗ್ಗುಲು ಬದಲಿಸಲು ಆಗುವುದಿಲ್ಲ. ರಿಂಗಿಗೆ ಹೊದಿಕೆ ಸಿಕ್ಕಿಕೊಳ್ಳುತ್ತದೆ. ಡಿಸೆಂಬರ್ ಬಂದಾಗ ಲೋಹ ತಣ್ಣಗಾಗಿ ಆ ಥಂಡಿ ಮೂಳೆಯ ಒಳಗಿನಿಂದ ಗೊತ್ತಾಗುತ್ತಿತ್ತು. ಯಜಮಾನರ ಹಳೆಯ ಸ್ವೆಟರಿನ ತೋಳು ಕತ್ತರಿಸಿ, ಪಕ್ಕಕ್ಕೆ ಬಿಚ್ಚಿ, ರಿಂಗಿನ ಮೇಲೆ ಹೊದಿಸುವ ಹಾಗೆ ಕೈಯಲ್ಲೇ ಹೊಲಿದುಕೊಂಡೆ. ಕಕ್ಕಸಿಗೆ ಪ್ಲಾಸ್ಟಿಕ್ ಕುರ್ಚಿಯ ನಡುವೆ ಕತ್ತರಿಸಿ ಇಟ್ಟಿದ್ದರು. ಅಲ್ಲಿಗೆ ಹೋಗುವಾಗಲೂ ಒಬ್ಬರು ಹಿಡಿದುಕೊಳ್ಳಬೇಕಿತ್ತು. ಈ ವಿಷಯದಲ್ಲಿ ಅತ್ತೆ ನನಗೆ ಒಂದು ದಿನವೂ ಮುಜುಗರವಾಗಲು ಬಿಡಲಿಲ್ಲ.

ಅತ್ತೆಗೂ ನನಗೂ ಊಟದ ವಿಷಯದಲ್ಲಿ ಮಾತ್ರ ಜಗಳವಾಯಿತು. ಗಾಯ ಇರುವವರಿಗೆ ಬದನೆಕಾಯಿ, ಕುಂಬಳಕಾಯಿ, ಮೊಟ್ಟೆ ನಂಜು ಅಂತ ಅವರು ಕೊಡುತ್ತಿರಲಿಲ್ಲ. ಡಾಕ್ಟರು ಮೊಟ್ಟೆ, ಕಾಳು, ಹಾಲು ಹೆಚ್ಚು ತಿನ್ನಿ, ಮೂಳೆ ಕಟ್ಟಲು ಬೇಕು ಅಂದಿದ್ದರು. ಕೊನೆಗೆ ಯಜಮಾನರು ಅತ್ತೆಯನ್ನೇ ಬೆಂಗಳೂರಿಗೆ ಕರೆದುಕೊಂಡು ಹೋಗಿ ಡಾಕ್ಟರ ಬಾಯಿಂದಲೇ ಹೇಳಿಸಿದರು. ಮರುದಿನದಿಂದ ಮೊಟ್ಟೆ ಬಂತು. ಅತ್ತೆ ಅದನ್ನು ಬೇಯಿಸಿ, ಸುಲಿದು ತರುತ್ತಿದ್ದರು. ಆದರೆ ನಾನು ತಿನ್ನುವಾಗ ಅಲ್ಲಿ ನಿಲ್ಲುತ್ತಿರಲಿಲ್ಲ.

ಎಕ್ಸ್‌ರೇಯಲ್ಲಿ ಮೊದಲ ಕೆಲವು ವಾರ ಹೊಸ ಜಾಗ ಬರೀ ಕಪ್ಪಾಗಿ ಕಾಣುತ್ತಿತ್ತು. ಏನೂ ಇಲ್ಲ ಅಂತಲೇ ಅನ್ನಿಸುತ್ತಿತ್ತು. ಡಾಕ್ಟರು "ಕಾಯೋಣ" ಅನ್ನುತ್ತಿದ್ದರು. ಒಂದು ಸಲ ಹೋದಾಗ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ನನ್ನನ್ನು ಕರೆದರು. ಕಪ್ಪು ಜಾಗದಲ್ಲಿ ಮೇಲಿನಿಂದ ಕೆಳಕ್ಕೆ ಬಿಳಿ ಗೆರೆಗಳು ಬಂದಿದ್ದವು, ಮಗ್ಗದ ಮೇಲಿನ ಹಾಸು ನೂಲಿನ ಹಾಗೆ, ತೀರ ತೆಳುವಾಗಿ. ಅದೇ ಮೂಳೆ ಅಂದರು. ಯಜಮಾನರು ಹೊರಗೆ ಹೋಗಿ ಬಹಳ ಹೊತ್ತು ಬರಲಿಲ್ಲ.

ತಪಾಸಣೆಗೆ ಹೋದಾಗಲೆಲ್ಲ ರಿಂಗಿನವರ ಸಾಲು ಇರುತ್ತಿತ್ತು. ರಾಯಚೂರು ಕಡೆಯ ಒಬ್ಬ ಹುಡುಗ, ಒಂಬತ್ತು ವರ್ಷದವನು. ಹುಟ್ಟಿನಿಂದ ಒಂದು ಕಾಲು ಗಿಡ್ಡ. ತನ್ನ ನಟ್ಟನ್ನು ತಾನೇ ತಿರುಗಿಸುತ್ತಿದ್ದ, ಅಪ್ಪ ಮುಟ್ಟಿದರೆ ಒಪ್ಪುತ್ತಿರಲಿಲ್ಲ. ಬೆಳೆಯುವ ಮಗುವಾದ್ದರಿಂದ ದೊಡ್ಡವನಾದ ಮೇಲೆ ಇನ್ನೊಂದು ಸಲ ಮಾಡಬೇಕಾಗುತ್ತದೆ ಅಂತ ಅವನಿಗೆ ಆಗಲೇ ಹೇಳಿದ್ದರು. ಇನ್ನೊಬ್ಬಳು ನನ್ನ ವಾರಿಗೆಯ ಹೆಂಗಸು. ಎರಡು ವರ್ಷದ ಮಗುವಾಗಿದ್ದಾಗ ಪೋಲಿಯೋ ಆಗಿತ್ತು. ಹೆಜ್ಜೆ ಇಡುವಾಗಲೆಲ್ಲ ತೊಡೆಯ ಮೇಲೆ ಕೈ ಒತ್ತಿಕೊಂಡು ನಡೆದು ನಡೆದು ಬೆನ್ನು ಬಾಗಿತ್ತು. ಪಾದ ಕೆಳಮುಖವಾಗಿ ಬಿಗಿದಿತ್ತು. ಅವಳಿಗೆ ಉದ್ದ ಮಾಡಲು ಹಾಕಿದ ರಿಂಗಲ್ಲ, ಪಾದವನ್ನು ನಿಧಾನವಾಗಿ ಮೇಲಕ್ಕೆ ತಿರುಗಿಸಿ ನೆಲಕ್ಕೆ ಊರುವ ಹಾಗೆ ಮಾಡಲು ಹಾಕಿದ್ದು. ನಮ್ಮ ದೇಶದಲ್ಲಿ ಪೋಲಿಯೋದ ಕೊನೆಯ ಪ್ರಕರಣ 2011ರ ಜನವರಿಯದು. 2014ರಲ್ಲಿ ಪೋಲಿಯೋ ಮುಕ್ತ ಅಂತ ಪ್ರಮಾಣಪತ್ರವೂ ಸಿಕ್ಕಿತು. "ನಮ್ಮ ಕಾಲು ಯಾರೂ ಲೆಕ್ಕಕ್ಕೆ ತಗೊಳ್ಳಲಿಲ್ಲ ಕಣೆ" ಅಂದಳು ಅವಳು. ರೋಗ ಹೋದ ಮೇಲೆ ರೋಗ ಬಂದವರು ಎಲ್ಲಿ ಹೋದರು ಅಂತ ಕೇಳುವವರು ಕಡಿಮೆ. ಅವಳ ಮಾತು ನ್ಯಾಯವಾದದ್ದು.

ಈಗ ಏನೂ ತೊಂದರೆ ಇಲ್ಲದವರು ಬರೀ ಎತ್ತರವಾಗಲು ಇದೇ ರೀತಿ ಎರಡೂ ಕಾಲಿನ ಮೂಳೆ ಕತ್ತರಿಸಿಕೊಳ್ಳುತ್ತಾರೆ. ಅವರ ಮನಸ್ಸಿನ ನೋವು ನನಗೆ ಗೊತ್ತಿಲ್ಲ. ಆ ಸಾಲಿನಲ್ಲಿ ಅವರು ಒಂದು ದಿನ ಕೂತಿದ್ದು ಆಮೇಲೆ ತೀರ್ಮಾನ ಮಾಡಲಿ ಅಂತ ಮಾತ್ರ ಅನ್ನಿಸುತ್ತದೆ.

ಮೂಳೆಯ ತುಂಡು ಕೊನೆಗೆ ಕೆಳಗಿನ ತುದಿಯನ್ನು ಮುಟ್ಟಿತು. ಮುಟ್ಟಿದ ಮಾತ್ರಕ್ಕೆ ಕೂಡುವುದಿಲ್ಲ. ನಡುವೆ ಮಾಂಸದ ಪೊರೆ ಸೇರಿಕೊಂಡಿರುತ್ತದೆ. ಮತ್ತೆ ಆಪರೇಷನ್ ಮಾಡಿ, ಎರಡೂ ತುದಿ ಕೆರೆದು, ಸೊಂಟದ ಮೂಳೆಯಿಂದ ಚೂರು ತೆಗೆದು ಅಲ್ಲಿ ತುಂಬಿದರು. ಕಾಲಿಗಿಂತ ಸೊಂಟ ಹೆಚ್ಚು ನೋಯಿತು. ಕೆಮ್ಮಿದರೂ ನೋವು.

ಆಮೇಲೆ ಕಾಯುವುದು. ಉದ್ದವಾಗಲು ಬೇಕಾದ ಸಮಯಕ್ಕಿಂತ ಗಟ್ಟಿಯಾಗಲು ಬೇಕಾದ ಸಮಯ ಬಹಳ ಹೆಚ್ಚು. ಗಟ್ಟಿಯಾಗಲು ಭಾರ ಹಾಕಬೇಕು. ಮಲಗಿದ್ದರೆ ಮೂಳೆ ಬಲಿಯುವುದಿಲ್ಲ. ವಾಕರ್ ಹಿಡಿದು, ರಿಂಗ್ ಸಮೇತ ಕಾಲೂರಿ ನಡೆಯಬೇಕು. ಮೊದಲ ಸಲ ಪಾದ ನೆಲಕ್ಕೆ ಒತ್ತಿದಾಗ ಎಲ್ಲಾ ತಂತಿಗಳೂ ಒಟ್ಟಿಗೆ ಎಳೆದವು. ಮುರಿಯುತ್ತದೆ ಅನ್ನುವ ಭಯ. ಎರಡು ವರ್ಷ ಆ ಕಾಲಿಗೆ ಭಾರ ಕೊಟ್ಟಿರಲಿಲ್ಲ. ಫಿಸಿಯೋಥೆರಪಿಸ್ಟ್ ಹುಡುಗಿ ಎದುರು ನಿಂತು "ಮುರಿಯಲ್ಲ ಆಂಟಿ, ರಿಂಗ್ ಹೊರುತ್ತೆ" ಅಂದಳು. ಹೊತ್ತಿತು.

ಇನ್ನೊಂದು ತೊಂದರೆ ಹಿಮ್ಮಡಿಯದು. ಮೂಳೆ ಸರಿದಷ್ಟು ಮೀನಖಂಡ ಸರಿಯುವುದಿಲ್ಲ. ಅದು ಬಿಗಿದು ಹಿಮ್ಮಡಿಯನ್ನು ಮೇಲಕ್ಕೆ ಎಳೆಯುತ್ತದೆ. ಹಳೆ ಪಂಚೆಯ ಪಟ್ಟಿಯನ್ನು ಅಂಗಾಲಿಗೆ ಹಾಕಿ ಎರಡೂ ಕೈಯಿಂದ ಮೈ ಕಡೆಗೆ ಎಳೆದು ಹಿಡಿಯುವ ವ್ಯಾಯಾಮ ಕೊಟ್ಟರು. ನಾನು ಟೈಲರ್ ಅಂತ ಗೊತ್ತಾದ ಮೇಲೆ ಆ ಹುಡುಗಿ "ಮೆಷಿನ್ ತುಳಿಯೋದಾ, ಮೋಟರ್ದಾ?" ಅಂತ ಕೇಳಿದಳು. ತುಳಿಯುವುದು ಅಂದೆ. ದಿನವೂ ತುಳಿಯಿರಿ, ದಾರ ಹಾಕದಿದ್ದರೂ ಪರವಾಗಿಲ್ಲ ಅಂದಳು. ಅಪಘಾತದ ನಂತರ ಮೆಷಿನ್ನಿಗೆ ಹೊದಿಕೆ ಮುಚ್ಚಿ ಇಟ್ಟಿದ್ದೆವು. ಬೆಲ್ಟ್ ಒಣಗಿ ಬಿರುಕು ಬಿಟ್ಟಿತ್ತು. ಮೈದುನ ಹೊಸ ಬೆಲ್ಟ್ ಹಾಕಿ, ಎಣ್ಣೆ ಬಿಟ್ಟುಕೊಟ್ಟ. ರಿಂಗು ಮೆಷಿನ್ನಿನ ಕಬ್ಬಿಣದ ಕಾಲಿಗೆ ತಾಗದ ಹಾಗೆ ಕುರ್ಚಿಯನ್ನು ಓರೆ ಹಾಕಿಕೊಂಡು ಕೂತೆ. ಬಲಗಾಲು ತುಳಿಯುತ್ತಿತ್ತು, ಎಡಗಾಲು ಅದರ ಜೊತೆ ಬರೀ ಮೇಲೆ ಕೆಳಗೆ ಹೋಗುತ್ತಿತ್ತು. ಕೆಲವು ವಾರಗಳ ನಂತರ ಎಡಗಾಲೂ ಒತ್ತಲು ಶುರುಮಾಡಿತು. ಮೊದಲು ಹೊಲಿದದ್ದು ಮಗಳ ಲಂಗ. ಅವಳು ಆ ಹೊತ್ತಿಗೆ ನನ್ನ ಪಕ್ಕ ಮಲಗಲು ಬಂದಿದ್ದಳು. ತಂತಿ ಒರೆಸುವಾಗ ಅಜ್ಜಿಗೆ ಟಾರ್ಚ್ ಹಿಡಿಯುತ್ತಿದ್ದಳು.

ದುಡ್ಡಿನ ಕಥೆ ಎಲ್ಲರ ಮನೆಯದೇ. ಸ್ವಲ್ಪ ಸರ್ಕಾರದ ಯೋಜನೆಯಿಂದ ಸಿಕ್ಕಿತು. ಸರ ಅಡವಿಟ್ಟೆವು, ಸಂಘದಲ್ಲಿ ಸಾಲ ತೆಗೆದೆವು. ಸರ ಇನ್ನೂ ಬಿಡಿಸಿಲ್ಲ.

ರಿಂಗ್ ಬಂದು ವರ್ಷ ದಾಟಿದ ಮೇಲೆ ಎಕ್ಸ್‌ರೇಯಲ್ಲಿ ಹೊಸ ಮೂಳೆಗೆ ಸುತ್ತಲೂ ಗಟ್ಟಿ ಅಂಚು ಕಂಡಿತು. ತಕ್ಷಣ ತೆಗೆಯಲಿಲ್ಲ. ರಾಡಿನ ನಟ್ಟುಗಳನ್ನು ಸಡಿಲ ಮಾಡಿ, ಭಾರ ಮೂಳೆಗೇ ಬೀಳುವ ಹಾಗೆ ಮಾಡಿ, ಇನ್ನೂ ಕೆಲವು ವಾರ ನಡೆಯಿರಿ ಅಂದರು. ನೋವು ಬಂದರೆ, ಬಾಗಿದರೆ ಕೂಡಲೇ ಬರಬೇಕು. ಆ ವಾರಗಳಲ್ಲಿ ಪ್ರತಿ ಬೆಳಿಗ್ಗೆ ಕಾಲು ಚಾಚಿ, ನೇರವಾಗಿದೆಯೇ ಅಂತ ಟೇಪು ಹಿಡಿದು ನೋಡುತ್ತಿದ್ದೆ. ನೇರವಾಗಿಯೇ ಇತ್ತು.

ತೆಗೆಯುವ ದಿನ ತಂತಿಗಳನ್ನು ಒಂದು ಕಡೆ ಕತ್ತರಿಸಿ ಇನ್ನೊಂದು ಕಡೆಯಿಂದ ಎಳೆದರು. ರಿಂಗು ಬಿಟ್ಟ ಕಾಲು ತೆಳ್ಳಗೆ, ಬೆಳ್ಳಗೆ, ಬೇರೆಯವರದ್ದೆನ್ನುವ ಹಾಗೆ ಕಂಡಿತು. ಎತ್ತಿದರೆ ತೀರ ಹಗುರ. ಅಂದು ನನಗೆ ಸಂತೋಷಕ್ಕಿಂತ ಭಯವೇ ಹೆಚ್ಚಾಗಿತ್ತು. ಇನ್ನು ಹೊರಗಿನಿಂದ ಹಿಡಿದುಕೊಳ್ಳುವುದು ಏನೂ ಇಲ್ಲ. ಕೆಲವು ವಾರ ಪಟ್ಟಿ ಹಾಕಿದರು, ಆಮೇಲೆ ಊರುಗೋಲು, ಆಮೇಲೆ ಕೋಲು, ಆಮೇಲೆ ಏನೂ ಇಲ್ಲದೆ ಅಂಗಡಿಯಿಂದ ಅಡುಗೆಮನೆಗೆ.

ಈಗ ಹೇಗಿದ್ದೇನೆ ಅನ್ನುವುದನ್ನೂ ಹೇಳಬೇಕು. ಎಡಗಾಲು ಸುಮಾರು 1 ಸೆಂಟಿಮೀಟರ್ ಗಿಡ್ಡ. ಬಸ್ ಸ್ಟ್ಯಾಂಡಿನ ಹತ್ತಿರ ಚಪ್ಪಲಿ ಹೊಲಿಯುವವರು ಆ ಕಾಲಿನ ಚಪ್ಪಲಿಗೆ ಒಂದು ಪದರ ಹೆಚ್ಚಿಗೆ ಹಾಕಿಕೊಡುತ್ತಾರೆ. ಪಾದದ ಕೀಲು ಪೂರ್ತಿ ಮಡಿಯುವುದಿಲ್ಲ. ಕುಕ್ಕರುಗಾಲಲ್ಲಿ ಕೂರಲು ಆಗುವುದಿಲ್ಲ, ರಂಗೋಲಿಯನ್ನು ಬಗ್ಗಿಯೇ ಹಾಕುತ್ತೇನೆ. ಮೆಟ್ಟಿಲು ಹತ್ತುವುದು ಸುಲಭ, ಇಳಿಯುವಾಗ ಗೋಡೆ ಹಿಡಿಯುತ್ತೇನೆ. ಮಳೆಗಾಲದಲ್ಲಿ ನೋವು ಇರುತ್ತದೆ. ಕೀವು ಮತ್ತೆ ಬಂದಿಲ್ಲ. ವರ್ಷಗಳ ಮೇಲೂ ಬರಬಹುದು ಅಂತ ಡಾಕ್ಟರು ಹೇಳಿದ್ದಾರೆ, ಆದ್ದರಿಂದ ಆ ಕಾಲಿಗೆ ಸಣ್ಣ ಗಾಯವಾದರೂ ನಿರ್ಲಕ್ಷ್ಯ ಮಾಡುವುದಿಲ್ಲ. ಬಸ್ಸಿನಲ್ಲಿ ನಿಂತು ಅರಸೀಕೆರೆಗೆ ಹೋಗಿ ಬಟ್ಟೆ ತರುತ್ತೇನೆ. ಇಡೀ ದಿನ ಮೆಷಿನ್ ತುಳಿಯುತ್ತೇನೆ.

ರಿಂಗ್ ಇದ್ದಾಗ ನನಗೆ ಹಾಕಿಕೊಳ್ಳಲು ಬಟ್ಟೆಯೇ ಇರಲಿಲ್ಲ. ನೈಟಿ ಒಂದೇ ಗತಿ. ಅದನ್ನು ಹಾಕಿಕೊಂಡು ಬಸ್ಸು, ಆಸ್ಪತ್ರೆ ಅಂತ ಜನರ ನಡುವೆ ಹೋಗಲು ಆಗುತ್ತಿರಲಿಲ್ಲ. ಆಗ ಪೈಜಾಮದ ಎಡ ಪಕ್ಕದ ಹೊಲಿಗೆ ಬಿಚ್ಚಿ, ಅಗಲ ಪಟ್ಟಿ ಸೇರಿಸಿ, ಮೇಲಿನಿಂದ ಕೆಳಗಿನವರೆಗೆ ಪ್ರೆಸ್ ಬಟನ್ ಹಾಕಿ ಒಂದು ಹೊಲಿದುಕೊಂಡಿದ್ದೆ. ಅದನ್ನು ನೋಡಿ ಆ ಸಾಲಿನ ಪೋಲಿಯೋ ಗೆಳತಿ ತನಗೊಂದು ಕೇಳಿದಳು. ಆಮೇಲೆ ರಾಯಚೂರು ಕಡೆಯ ಆ ಹುಡುಗನ ಅಪ್ಪ ಕೇಳಿದರು. ಈಗಲೂ ಆ ವಾರ್ಡಿನ ಸಿಸ್ಟರ್ ಒಬ್ಬರು ಹೊಸದಾಗಿ ರಿಂಗ್ ಹಾಕಿಸಿಕೊಂಡವರಿಗೆ ನನ್ನ ನಂಬರ್ ಕೊಡುತ್ತಾರೆ. ಬಟ್ಟೆಯ ದುಡ್ಡು ಮಾತ್ರ ತೆಗೆದುಕೊಳ್ಳುತ್ತೇನೆ. ಫೋನಿನಲ್ಲಿ ಅವರು ಅಳತೆ ಹೇಳುವ ಮುಂಚೆ ಎಷ್ಟು ದಿನ ಆಗುತ್ತೆ, ನೋವು ತಡೆಯೋಕೆ ಆಗುತ್ತಾ ಅಂತ ಕೇಳುತ್ತಾರೆ. ಬಹಳ ದಿನ ಆಗುತ್ತೆ, ನೋವು ಇರುತ್ತೆ, ಮನೆಯಲ್ಲಿ ತಿರುಗಿಸೋರು ಯಾರು, ಒರೆಸೋರು ಯಾರು ಅಂತ ಈಗಲೇ ಮಾತಾಡಿಕೊಳ್ಳಿ ಅನ್ನುತ್ತೇನೆ. ಆಮೇಲೆ ಅಳತೆ ಕೇಳುತ್ತೇನೆ. ಸೊಂಟ, ಉದ್ದ, ಮತ್ತು ಸುತ್ತಳತೆ. ಸುತ್ತಳತೆಯನ್ನು ಕಾಲಿನದಲ್ಲ, ಎಲ್ಲಕ್ಕಿಂತ ದೊಡ್ಡ ರಿಂಗಿನ ಹೊರಗಿನಿಂದ, ನಟ್ಟುಗಳೂ ಸೇರುವ ಹಾಗೆ ಟೇಪು ಸುತ್ತಿ ತೆಗೆದುಕೊಳ್ಳಬೇಕು. ಅದಕ್ಕೆ ನಾನು ಇನ್ನೂ 4 ಇಂಚು ಸಡಿಲ ಬಿಡುತ್ತೇನೆ.